ವಿಮಾನದ ಸೊಸೆಯೂ ಮಾವನವರ ಮೀಸೆಯೂ

ಕಳೆದ ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ನನ್ನಲ್ಲಿ ಆತ್ಮವಿಶ್ವಾಸ ಮೂಡಿತು. ಅಭ್ಯಾಸವಿಲ್ಲದ ವಸ್ತುವಾದ್ದರಿಂದ ಮೊದಲು ಪಿತ್ತವಿರಬೇಕೆಂದು ಭಾವಿಸಿ ಒಂದು ಲೋಟ ಜೀರಿಗೆ ಕಷಾಯ ಕುಡಿದೆ. ಇಳಿಯಲಿಲ್ಲ. ಆಗ ಖಚಿತವಾಯಿತು, ಇದು ಆತ್ಮವಿಶ್ವಾಸವೇ!

ಕಾರಣವನ್ನು ವಿವರಿಸುವುದು ನನ್ನ ಕರ್ತವ್ಯ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಕಚೇರಿಯು ವಿಮಾನದ ಇಂಜಿನ್ನುಗಳ ದುರಸ್ತಿಗೆ ವೇಳಾಪಟ್ಟಿ ಸಿದ್ಧಪಡಿಸಿಕೊಡುತ್ತದೆ. ವಿಮಾನದ ಇಂಜಿನ್ನು ಇಷ್ಟು ಗಂಟೆ ಹಾರಿದ ಮೇಲೆ ಕಡ್ಡಾಯವಾಗಿ ರೆಕ್ಕೆಯಿಂದ ಇಳಿಯಬೇಕು. ಇಳಿದದ್ದನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸಬಲ್ಲ ವರ್ಕ್‌ಶಾಪುಗಳು ಪ್ರಪಂಚದಲ್ಲಿ ಕೆಲವೇ ಇವೆ. ಎಲ್ಲ ಇಂಜಿನ್ನುಗಳೂ ಒಂದೇ ವಾರ ಒಂದೇ ವರ್ಕ್‌ಶಾಪಿನ ಮುಂದೆ ಹೋಗಿ ನಿಂತರೆ ಅದು ಮದುವೆಮನೆಯ ಮೊದಲ ಪಂಕ್ತಿಯಂತಾಗುತ್ತದೆ. ಇತ್ತ ಇಂಜಿನ್ನಿಲ್ಲದ ವಿಮಾನಗಳು ನೆಲದ ಮೇಲೆ ಸುಮ್ಮನೆ ನಿಂತಿರುತ್ತವೆ. ಆದ್ದರಿಂದ ಯಾವ ಇಂಜಿನ್ನನ್ನು ಯಾವಾಗ ಇಳಿಸಬೇಕು, ಅದರ ಯಾವ ಭಾಗವನ್ನು ಯಾವ ವರ್ಕ್‌ಶಾಪಿಗೆ ಕಳಿಸಬೇಕು ಎಂಬುದನ್ನೆಲ್ಲ ಸಮೀಕರಣಗಳಲ್ಲಿ ಬರೆದು, ಸಾಧ್ಯವಿರುವ ಅಸಂಖ್ಯ ವೇಳಾಪಟ್ಟಿಗಳಲ್ಲಿ ಅತ್ಯುತ್ತಮವಾದದ್ದನ್ನು ಕಂಪ್ಯೂಟರಿನಿಂದ ಹುಡುಕಿಸುವುದು ನನ್ನ ಉದ್ಯೋಗ. ಇದಕ್ಕೆ ಆಪ್ಟಿಮೈಸೇಶನ್ ಎನ್ನುತ್ತಾರೆ. ಹಿಂದಿನ ಶುಕ್ರವಾರ ನನ್ನ ವೇಳಾಪಟ್ಟಿಯನ್ನು ನೋಡಿ ನಮ್ಮ ಮ್ಯಾನೇಜರು "ಬ್ಯೂಟಿಫುಲ್" ಎಂದಿದ್ದರು. ವೇಳಾಪಟ್ಟಿಗೇ ಅಂದದ್ದು. ಆದರೂ ನಾನು ಮನೆಗೆ ಬಂದು ಕನ್ನಡಿ ನೋಡಿಕೊಂಡೆ.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಬದನವಾಳಿನಲ್ಲಿ ರಾಟೆ ತಿರುಗಿಸಿ ನನ್ನನ್ನು ಓದಿಸಿದ ಅವ್ವ ಕಲಿಸಿದ್ದು ಒಂದೇ ಪಾಠ: "ಏನ್ ಮಾತಾಡಿದ್ರೂ ನಾಕ್ ಜನ ಒಪ್ಪಂಗೆ ಮಾತಾಡು ಮಗ." ಆ ಪಾಠವನ್ನು ನಾನು ಅಗತ್ಯಕ್ಕಿಂತ ಹೆಚ್ಚಾಗಿ ಕಲಿತೆ. ಸೀನಿದರೂ ವ್ಯಾಕರಣ ತಪ್ಪಿತೇನೋ ಎಂದು ಒಮ್ಮೆ ಪರಿಶೀಲಿಸುತ್ತೇನೆ.

ಆಗಷ್ಟೇ ಮದುವೆಯಾಗಿ ತಿ. ನರಸೀಪುರದಿಂದ ಮುಡುಕುತೊರೆಗೆ ಹೋಗುವ ಹಾದಿಯ ಊರೊಂದಕ್ಕೆ ಸೊಸೆಯಾಗಿ ಬಂದಿದ್ದೆ. ನನ್ನ ಪತಿ ಮಹದೇವ ತಿ. ನರಸೀಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಅತ್ತೆಯವರು ಮೊದಲ ವಾರವೇ ಕೇಳಿದರು: "ದಿನಾ ಬಸ್ಸತ್ತಿ ನಂಜನಗೂಡ್ಗೆ ಓಯ್ತೀಯಲ್ಲ ಕೂಸೇ, ಅಲ್ಲಿ ಏನ್ ಕೆಲ್ಸ ನಿಂದು?"

"ವಿಮಾನದ ಇಂಜಿನ್ನುಗಳ ದುರಸ್ತಿಯ ವೇಳಾಪಟ್ಟಿಯನ್ನು ಗರಿಷ್ಠ ದಕ್ಷತೆಯಿಂದ ರೂಪಿಸುತ್ತೇನೆ ಅತ್ತೆ" ಎಂದೆ.

ಅತ್ತೆ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿದರು. ಬಳಿಕ ಬಿಂದಿಗೆ ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ ನೆರೆದಿದ್ದವರಿಗೆ ಅನುವಾದಿಸಿದರು: "ನಮ್ ಸೊಸೆ ಇಮಾನ ರಿಪೇರಿ ಮಾಡ್ತಾಳೆ ಕಣಮ್ಮಿ!"

ಸಂಜೆಯ ಹೊತ್ತಿಗೆ ನಾನು ಊರಿಗೆಲ್ಲ 'ಇಮಾನದ ಸೊಸೆ' ಆಗಿದ್ದೆ. ತಪ್ಪು ತಿಳಿವಳಿಕೆಯನ್ನು ವಿನಯದಿಂದ ತಿದ್ದಬೇಕೆಂದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಪಕ್ಕದ ಬೀದಿಯವರೊಬ್ಬರು ಕೆಟ್ಟ ಮಿಕ್ಸಿ ಹಿಡಿದು ನಿಂತಿದ್ದರು!

ಈಗ ಮಾವನವರ ಪರಿಚಯ. ಹೆಸರು ನಂಜಪ್ಪ. ಮುಖಕ್ಕಿಂತ ಮೊದಲು ಕಾಣುವುದು ಮೀಸೆ. ಎರಡು ತುದಿಗಳೂ ಮೇಲಕ್ಕೆ ತಿರುಗಿ, ಸ್ವತಂತ್ರವಾಗಿ ಬದುಕಬಲ್ಲ ಎರಡು ಪ್ರಾಣಿಗಳಂತೆ ಕುಳಿತಿರುತ್ತವೆ. ತಿ. ನರಸೀಪುರದ ಸಂತೆಯಲ್ಲಿ ಅವರನ್ನು 'ಮೀಸೆ ನಂಜಪ್ಪಣ್ಣ' ಎಂದರೆ ಮಾತ್ರ ಗುರುತು. ಅತ್ತೆಯವರು ಅವರಿಗೆ ಮಜ್ಜಿಗೆ ಕೊಡುವಾಗ ಜೊತೆಗೊಂದು ಒದ್ದೆ ಬಟ್ಟೆಯನ್ನೂ ಇಡುತ್ತಾರೆ; ಅದು ಮೀಸೆಯ ಪಾಲಿನದು.

ಆ ಶ್ರಾವಣದಲ್ಲಿ ನಾಲೆಗೆ ನೀರು ಬಂದಿತ್ತು. ನಮ್ಮ ಊರಿನಲ್ಲಿ ಗದ್ದೆಯ ಕೆಸರು ಹದ ಮಾಡುವುದು ಟಿಲ್ಲರುಗಳು. ನೀರು ಬಂದಾಗ ಎಲ್ಲರ ಟಿಲ್ಲರೂ ಒಟ್ಟಿಗೆ ಗದ್ದೆಗಿಳಿದವು. ಒಟ್ಟಿಗೆ ಕೆಟ್ಟವು. ಎಲ್ಲರೂ ಒಟ್ಟಿಗೆ ರಿಪೇರಿ ಅಂಗಡಿಗೆ ಓಡಿದರು. ಮಾವನವರು ಅಂಗಡಿಯ ಮುಂದೆ ಕಾದು ಕಾದು, ಬಿಸಿಲಿಗೆ ಮೀಸೆ ಜೋತುಬಿದ್ದು, ಸುಮ್ಮನೆ ಹಿಂದಿರುಗಿ ಜಗಲಿಯ ಮೇಲೆ ಕುಳಿತರು.

ಎದುರುಮನೆಯ ಶಿವಮಲ್ಲಣ್ಣ ಅದನ್ನು ನೋಡಿಕೊಂಡೇ ಬಂದರು. ಊರಿನಲ್ಲಿ ಟ್ರ್ಯಾಕ್ಟರ್ ಇರುವುದು ಅವರೊಬ್ಬರಿಗೇ. ಟಿಲ್ಲರ್ ಇರುವವರನ್ನೆಲ್ಲ ಅವರು ಸೈಕಲ್ಲಿನವರನ್ನು ನೋಡುವಂತೆ ನೋಡುತ್ತಾರೆ.

"ಏನ್ ನಂಜಪ್ಪಣ್ಣ, ಮನೇಲೇ ಇಮಾನದ ಸೊಸೆ ಮಡೀಕಂಡು ಟಿಲ್ಲರ್‌ಗೆ ಕ್ಯೂ ನಿಲ್ಲದಾ? ಇಮಾನ ಆರುಸ್ತಾಳೆ, ಟಿಲ್ಲರ್ ಓಡ್ಸಕಾಗಕಿಲ್ವಾ?"

ಮಾವನವರು ಜೋತುಬಿದ್ದ ಮೀಸೆಯನ್ನು ವಲ್ಲಿಯಿಂದ ಒರೆಸಿಕೊಂಡರು. ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನೊಳಗೆ ಸೋಮವಾರದ ಆತ್ಮವಿಶ್ವಾಸ ಎದ್ದು ನಿಂತಿತು. ನಾನೂ ಎದ್ದು ನಿಂತೆ. ಮೊರವೂ ಎದ್ದಿತು, ಅಕ್ಕಿ ಮಾತ್ರ ಕೆಳಗೆ ಬಿದ್ದಿತು.

"ಮಾವ, ಇದು ನಮ್ಮ ಕಚೇರಿಯಲ್ಲಿ ಪ್ರತಿದಿನ ಬಿಡಿಸುವ ಸಮಸ್ಯೆಯೇ ಆಗಿದೆ. ಟಿಲ್ಲರುಗಳನ್ನು ಕೆಟ್ಟ ಮೇಲಲ್ಲ, ಕೆಡುವ ಮೊದಲೇ, ಗದ್ದೆಯಲ್ಲಿ ಕೆಲಸವಿಲ್ಲದ ಕಾಲ ನೋಡಿ, ಸರದಿಯ ಮೇಲೆ ಬೇರೆ ಬೇರೆ ಅಂಗಡಿಗಳಿಗೆ ಕಳಿಸಿದರೆ ಯಾರೂ ಕಾಯಬೇಕಾಗಿಲ್ಲ. ನಾನು ವೇಳಾಪಟ್ಟಿ ಮಾಡಿಕೊಡುತ್ತೇನೆ" ಎಂದೆ.

ಮಾವನವರ ಮೀಸೆಯ ಒಂದು ತುದಿ ನಿಧಾನವಾಗಿ ಮೇಲೆದ್ದಿತು.

ಮುಂದಿನ ಭಾನುವಾರ ಮಾಹಿತಿ ಸಂಗ್ರಹ. ನನ್ನ ಪತಿ ನನಗೆ ಸಹಾಯಕರಾಗಿ ಕುರ್ಚಿ ಹೊತ್ತು ಬಂದರು. ಮೊದಲ ಮನೆಯಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಗಂಭೀರವಾಗಿ ಕೇಳಿದೆ: "ತಮ್ಮ ಟಿಲ್ಲರ್ ದಿನವೊಂದಕ್ಕೆ ಸರಾಸರಿ ಎಷ್ಟು ಗಂಟೆಗಳ ಕಾಲ ಚಾಲನೆಯಲ್ಲಿರುತ್ತದೆ?"

"ಗಂಟೆ ಯಾರವ್ವ ನೋಡ್ತಾರೆ? ಒಂದ್ ಕಟ್ಟು ಬೀಡಿ ಆಗಗಂಟ ಓಡುಸ್ತೀನಿ."

ನಾನು ಬೀಡಿಯನ್ನು ಗಂಟೆಗೆ ಪರಿವರ್ತಿಸುವ ಸಮೀಕರಣ ಬರೆದೆ. ಮುಂದಿನ ಮನೆಯವರು ಎಲೆಅಡಿಕೆಯವರು. ಅದಕ್ಕೊಂದು ಸಮೀಕರಣ. ಅದರಾಚೆಯ ಮನೆಯವರು ನಶ್ಯದವರು.

"ಸೀನಿನಿಂದ ಗಂಟೆ ತೆಗೆಯೋದು ನಿನ್ನ ಕೈಲಿ ಆಗುತ್ತಾ?" ಎಂದು ಪತಿ ಪಿಸುಗುಟ್ಟಿದರು.

"ಅಂದಾಜು ಮಾಡಬಹುದು" ಎಂದೆ. ವಿಜ್ಞಾನದಲ್ಲಿ ಹಿಂಜರಿಯಬಾರದು.

ಟಿಲ್ಲರ್ ಇಟ್ಟುಕೊಂಡು ತಾವೇ ಬೇಸಾಯ ನಡೆಸುವ ಗೌರಮ್ಮನವರು ಮಾತ್ರ ನನ್ನ ಪ್ರಶ್ನೆಗಳಿಗೆ ಉತ್ತರಿಸದೆ ತಾವೇ ಪ್ರಶ್ನೆ ಹಾಕಿದರು. "ಅದೆಲ್ಲ ಇರ್ಲಿ ಬುಡವ್ವ. ಆಯುಧಪೂಜೆಗೆ ನನ್ ಟಿಲ್ಲರು ನನ್ ಬಾಗ್ಲಲ್ಲಿ ಇರ್ತದಾ? ಅದುಕ್ಕೆ ಊವ ಆಕ್ದೆ ನಾನು ಬಾಯಿಗೆ ನೀರ್ ಬುಡಕಿಲ್ಲ."

ಎಲ್ಲರಿಗೂ ಅದೇ ಚಿಂತೆ. ಆಯುಧಪೂಜೆಯ ದಿನ ಟಿಲ್ಲರನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಮುಂದೆ ಬೂದುಗುಂಬಳ ಒಡೆದು ಊರು ಸುತ್ತಿಸದಿದ್ದರೆ ಆ ವರ್ಷ ಅದು ಕೆಲಸ ಮಾಡುವುದಿಲ್ಲ ಎಂಬುದು ನಮ್ಮ ಕಡೆ ಇಂಜಿನ್ ಆಯಿಲ್‌ನಷ್ಟೇ ಸ್ಪಷ್ಟವಾದ ಸಂಗತಿ.

ಜಗಲಿಯ ಮೇಲೆ ಸಭೆ ಸೇರಿತು. ಮಾವನವರು ಎದ್ದು ನಿಂತು ಮೀಸೆಯ ಮೇಲೆ ಕೈಯಿಟ್ಟರು.

"ಆಯುಧಪೂಜೆ ದಿನ ಎಲ್ರ ಟಿಲ್ಲರೂ ಅವ್ರವ್ರ ಬಾಗ್ಲಲ್ಲಿ ಇರ್ತವೆ. ಇಲ್ದಿದ್ರೆ ಅವತ್ತೇ, ಊರ್ ಮುಂದೆ, ಈ ಮೀಸೆ ತೆಗುಸ್ಬುಡ್ತೀನಿ!"

"ಅವತ್ತೇ?" ಎಂದರು ಶಿವಮಲ್ಲಣ್ಣ. ಅವರ ಕಣ್ಣುಗಳಲ್ಲಿ ದೀಪಗಳು ಹತ್ತಿಕೊಂಡವು.

"ಅವತ್ತೇ ಕಣ್ಲಾ! ಮಾರ್ನೆ ದಿನುಕ್ಕೆ ಎಳ್ಯೋ ಮಾತೇ ಇಲ್ಲ!"

ಅತ್ತೆಯವರು ಒಳಗಿನಿಂದ "ನಿಮ್ಗೇನ್ ಬಂದದೆ ರೋಗ!" ಎಂದದ್ದು ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಅಂದಿನಿಂದ ನನ್ನ ಗಣಿತಕ್ಕೆ ಮೀಸೆ ಬಂದಿತು. ಕಚೇರಿಯಲ್ಲಿ ತಪ್ಪಾದರೆ ಯಾವುದೋ ದೇಶದಲ್ಲಿ ವಿಮಾನವೊಂದು ತಡವಾಗುತ್ತದೆ. ಅದರ ಯಜಮಾನರ ಮೀಸೆಯನ್ನು ನಾನು ನೋಡಿಲ್ಲ. ಇದನ್ನಾದರೋ ದಿನಾ ಊಟಕ್ಕೆ ಕೂರುವಾಗ ಎದುರಿಗೇ ನೋಡಬೇಕು.

ನಾನು ಅತ್ಯಂತ ಎಚ್ಚರಿಕೆಯಿಂದ ಮುಂದುವರಿದೆ. ತಿ. ನರಸೀಪುರದ ಗ್ಯಾರೇಜಿನ ಗೋವಿಂದಣ್ಣನವರನ್ನೂ ನಂಜನಗೂಡಿನ ಇಂಜಿನ್ ವರ್ಕ್ಸಿನವರನ್ನೂ ಸ್ವತಃ ಭೇಟಿಯಾಗಿ, "ತಮ್ಮಲ್ಲಿ ಯಾವ ಯಾವ ದಿನಗಳಂದು ರಜೆ ಇರುತ್ತದೆ?" ಎಂದು ವಿಚಾರಿಸಿದೆ. ಗೋವಿಂದಣ್ಣ ನಕ್ಕರು. "ರಜಾನಾ? ನಮ್ಗೆಲ್ಲಿ ರಜಾ ಮೇಡಂ! ವರ್ಷ ಪೂರ್ತಿ ಶಟರ್ ಎತ್ತೇ ಇರ್ತದೆ. ಅಬ್ಬದ ದಿನಾನೂ ಇಲ್ಲೇ ಇರ್ತೀವಿ." ನಂಜನಗೂಡಿನವರೂ ಅದನ್ನೇ ಹೇಳಿದರು. ನಾನು ರಜೆಯ ಕಾಲಂನಲ್ಲಿ ಸೊನ್ನೆ ಬರೆದುಕೊಂಡೆ. ಇಂತಹ ಶ್ರಮಜೀವಿಗಳ ಬಗ್ಗೆ ಗೌರವದಿಂದ ಕಣ್ಣು ತುಂಬಿ ಬಂತು.

ವಿಮಾನದ ಇಂಜಿನ್ನನ್ನು ಭಾಗಗಳಾಗಿ ಬಿಡಿಸಿ, ಯಾವ ವರ್ಕ್‌ಶಾಪಿನಲ್ಲಿ ಯಾವ ಕೆಲಸ ಚೆನ್ನಾಗಿ ಆಗುತ್ತದೋ ಅಲ್ಲಿಗೆ ಕಳಿಸುವ ಪದ್ಧತಿಯಿದೆ. ನಾನೂ ಹಾಗೆಯೇ ಮಾಡಿದೆ. ಟಿಲ್ಲರಿನ ಇಂಜಿನ್ನು ನಂಜನಗೂಡಿಗೆ, ಗೇರ್‌ಬಾಕ್ಸು ತಿ. ನರಸೀಪುರಕ್ಕೆ. ಕೊನೆಗೆ ಎಲ್ಲವೂ ಗೋವಿಂದಣ್ಣನ ಗ್ಯಾರೇಜಿಗೆ ಬಂದು ಅಲ್ಲಿ ಜೋಡಣೆಯಾಗಬೇಕು. ಯಾರ ಭಾಗ ಯಾರದೆಂದು ತಿಳಿಯಲು ಪ್ರತಿಯೊಂದಕ್ಕೂ ಸಂಕೇತ ಸಂಖ್ಯೆಯ ಚೀಟಿ ಅಂಟಿಸಿದೆ. ಹೆಸರು ಬರೆಯಬಹುದಿತ್ತು. ಆದರೆ ಹೆಸರು ಬರೆಯುವುದು ವೃತ್ತಿಪರವಲ್ಲ!

'ಆಯುಧಪೂಜೆಯ ಬೆಳಿಗ್ಗೆ ಎಲ್ಲ ಟಿಲ್ಲರುಗಳೂ ಬಾಗಿಲಲ್ಲಿರಬೇಕು' ಎಂಬ ಮೀಸೆಯ ನಿಬಂಧನೆಯನ್ನು ದಪ್ಪಕ್ಷರದಲ್ಲಿ ಸೇರಿಸಿ ಗುಂಡಿ ಒತ್ತಿದೆ. ಕಂಪ್ಯೂಟರು ಕ್ಷಣಮಾತ್ರದಲ್ಲಿ ಉತ್ತರ ಕೊಟ್ಟಿತು. ಎಷ್ಟು ಸುಂದರವಾದ ಉತ್ತರ! ಅಂಗಡಿಗಳು ಒಂದು ಗಳಿಗೆಯೂ ಬಿಡುವಾಗಿ ಕೂರುವುದಿಲ್ಲ. ಕೊಟ್ಟ ಗಡುವಿನ ಕಟ್ಟಕಡೆಯ ಅಂಚಿನವರೆಗೂ ಕೆಲಸ ಹರಡಿಕೊಂಡಿತ್ತು. ಎಲ್ಲ ಟಿಲ್ಲರುಗಳ ಜೋಡಣೆಯೂ ಹಬ್ಬದ ಹಿಂದಿನ ದಿನ ಶುರುವಾಗಿ, ಹಬ್ಬದ ದಿನ ಬೆಳಗಿನ ಜಾವ ಕೊನೆಯ ನಟ್ಟು ಬಿಗಿದು, ಹೂವು ಹಾಕುವ ಹೊತ್ತಿಗೆ ಸರಿಯಾಗಿ ಟಿಲ್ಲರುಗಳು ಬಾಗಿಲಿಗೆ ಬರುತ್ತವೆ.

"ಸ್ವಲ್ಪ ಮುಂಚೆ ಬಂದ್ರೆ ಏನಾಗುತ್ತೆ?" ಎಂದರು ಪತಿ.

"ಮುಂಚೆ ಬಂದರೆ ಅದು ಅತ್ಯುತ್ತಮವಲ್ಲ, ಬರೀ ಉತ್ತಮ" ಎಂದೆ.

ಅವರು ಅರ್ಥವಾದವರಂತೆ ತಲೆಯಾಡಿಸಿದರು. ಮೇಷ್ಟ್ರುಗಳಿಗೆ ಅದು ರೂಢಿ.

ಆರಂಭದ ವಾರಗಳೆಲ್ಲ ಹೂವಿನ ಸರ ಎತ್ತಿದಂತೆ ನಡೆದವು. ನಾಟಿ ಮುಗಿದಿತ್ತು, ಟಿಲ್ಲರುಗಳಿಗೆ ಬಿಡುವು. ಗೂಡ್ಸ್ ಆಟೋ ಸರಿಯಾಗಿ ಬಂತು, ಇಂಜಿನ್ನುಗಳು ನಂಜನಗೂಡಿಗೆ ಹೋದವು, ಸರದಿಯ ಪ್ರಕಾರ ತಯಾರಾದವು. ಯಾರೂ ಎಲ್ಲಿಯೂ ಕಾಯಲಿಲ್ಲ. ಗೌರಮ್ಮನವರು ನನಗೆ ಒಂದು ಮಡಿಲು ಅಲಸಂದೆಕಾಯಿ ಕೊಟ್ಟರು. ಮಾವನವರ ಮೀಸೆಗೆ ಹರಳೆಣ್ಣೆ ಬೀಳತೊಡಗಿತು. ಕಚೇರಿಯಲ್ಲಿ ಸಹೋದ್ಯೋಗಿಗಳಿಗೆ ನಾನು, "ವಿಮಾನವೂ ಟಿಲ್ಲರೂ ಗಣಿತದ ದೃಷ್ಟಿಯಲ್ಲಿ ಒಂದೇ" ಎಂದು ಉಪನ್ಯಾಸ ಕೊಟ್ಟೆ. ಒಬ್ಬರು ಚಪ್ಪಾಳೆ ತಟ್ಟಿದರು; ಮುಗಿಯಿತೆಂದು ತಿಳಿದು.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ, ಜೋಡಣೆ ಹೇಗೆ ನಡೆದಿದೆಯೆಂದು ನೋಡಿಬರಲು ಪತಿಯೊಡನೆ ಗೋವಿಂದಣ್ಣನ ಗ್ಯಾರೇಜಿಗೆ ಹೋದೆ. ಶಟರ್ ಎತ್ತಿತ್ತು. ಎಲ್ಲರೂ ಇದ್ದರು. ಕೆಲಸವೂ ಭರದಿಂದ ಸಾಗಿತ್ತು. ಗೋಡೆಗೆ ಸುಣ್ಣ ಬಳಿಯುವ ಕೆಲಸ!

ಗ್ಯಾರೇಜಿನ ಮೂಲೆಯಲ್ಲಿ ಮಣೆ ಹಾಕಿ, ಅದರ ಮೇಲೆ ಹೊಸ ಟವಲು ಹಾಸಿ, ಸ್ಪ್ಯಾನರುಗಳು, ಸ್ಕ್ರೂಡ್ರೈವರುಗಳು, ಸುತ್ತಿಗೆ, ಜಾಕಿ ಎಲ್ಲವನ್ನೂ ತೊಳೆದು ಸಾಲಾಗಿ ಕೂರಿಸಿದ್ದರು. ಪ್ರತಿಯೊಂದರ ಹಣೆಯಲ್ಲೂ ವಿಭೂತಿ, ಕುಂಕುಮ. ದೊಡ್ಡ ಪೈಪ್ ವ್ರೆಂಚೊಂದು ಚೆಂಡುಹೂವಿನ ಹಾರ ಧರಿಸಿ ಅಧ್ಯಕ್ಷತೆ ವಹಿಸಿತ್ತು.

"ಗೋವಿಂದಣ್ಣ" ಎಂದೆ. "ಟಿಲ್ಲರುಗಳ ಜೋಡಣೆ?"

"ಆಯ್ತದೆ ಮೇಡಂ. ಇವತ್ತೇ ತೊಳ್ದು ಪೂಜೆಗೆ ಕೂರ್ಸಾಗದೆ, ವಿಜಯದಶಮಿ ಕಳೀಲಿ. ಪೂಜೆ ಕದಲ್ಸಿ ಆಮೇಲೆ ತಾನೆ ಸ್ಪ್ಯಾನರ್ ಮುಟ್ಟದು!"

"ಆದರೆ ತಾವು ರಜೆಯೇ ಇಲ್ಲವೆಂದು ತಿಳಿಸಿದ್ದಿರಿ!"

"ರಜಾ ಎಲ್ಲದೆ ಮೇಡಂ? ನಾವೆಲ್ಲ ಇಲ್ಲೇ ಇಲ್ವಾ? ರಜಾ ನಮಗಲ್ಲ, ಸ್ಪ್ಯಾನರಿಗೆ."

ನಾನು ಅಲ್ಲಿಯೇ ಒಂದು ಟೈರಿನ ಮೇಲೆ ಕುಳಿತೆ. ಬದನವಾಳಿನ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕುಡುಗೋಲು, ಈಳಿಗೆಮಣೆ, ಅವ್ವನ ರಾಟೆ ಎಲ್ಲವನ್ನೂ ತೊಳೆದು ಕುಂಕುಮವಿಡುತ್ತಿದ್ದವಳು ನಾನೇ. ಆ ದಿನ ತರಕಾರಿ ಹೆಚ್ಚಲು ಹೋಗಿ ಅವ್ವನಿಂದ ಗುದ್ದು ತಿಂದವಳೂ ನಾನೇ. ಟಿಲ್ಲರಿಗೆ ಪೂಜೆಯುಂಟೆಂದು ಅಷ್ಟು ದಪ್ಪಕ್ಷರದಲ್ಲಿ ಬರೆದವಳಿಗೆ, ಟಿಲ್ಲರನ್ನು ಜೋಡಿಸುವ ಸ್ಪ್ಯಾನರಿಗೂ ಪೂಜೆಯುಂಟೆಂದು ಹೊಳೆಯಲಿಲ್ಲ! ಅದೂ ಹಬ್ಬಕ್ಕಾಗಿಯೇ ಮಾಡಿದ ವೇಳಾಪಟ್ಟಿಯಲ್ಲಿ!

"ಕನಿಷ್ಠಪಕ್ಷ ಯಾವ ಇಂಜಿನ್ನು ಯಾರದೆಂದು ಚೀಟಿ ನೋಡಿ ಬೇರ್ಪಡಿಸೋಣ" ಎಂದೆ.

ಗೋವಿಂದಣ್ಣ ಕಿವಿ ಕೆರೆದುಕೊಂಡರು. "ಚೀಟಿನಾ... ಅಬ್ಬ ಅಂತ ಎಲ್ಲಾ ಪ್ರೆಶರ್ ನೀರಲ್ಲಿ ತೊಳ್ದೋ ಮೇಡಂ. ನೋಡಿ, ಎಂಗೆ ಪಳಪಳ ಅಂತವೆ!"

ನಿಜ. ಊರಿನ ಅಷ್ಟೂ ಇಂಜಿನ್ನುಗಳು ಒಂದೇ ತಾಯಿಯ ಮಕ್ಕಳಂತೆ ಹೊಳೆಯುತ್ತ ಕುಳಿತಿದ್ದವು. ಒಂದರ ಮೇಲೂ ಚೀಟಿಯಿರಲಿಲ್ಲ.

"ಇಂಜಿನ್ನಿನ ಮೇಲೆ ನಂಬರು ಕೊರೆದಿರುತ್ತದಲ್ಲವೇ?" ಕೊನೆಯ ಆಸೆ.

"ಇರ್ತದೆ. ಪೇಂಟ್ ಒಡ್ದು ಒಡ್ದು ಮುಚ್ಚೋಗದೆ. ಉಜ್ಜಿದ್ರೆ ಕಾಣ್ತದೆ. ಆದ್ರೆ ಉಜ್ಜೋ ಬ್ರಶ್ಶೂ..." ಎಂದು ಅವರು ಭಕ್ತಿಯಿಂದ ಮೂಲೆಯತ್ತ ಕೈ ತೋರಿದರು. ಅದೂ ಕುಂಕುಮವಿಟ್ಟುಕೊಂಡು ಕುಳಿತಿತ್ತು!

ಮನೆಗೆ ಬಂದು ಮಾವನವರ ಮುಂದೆ ನಿಂತು, "ಮಾವ, ಒಂದು ಅನಿರೀಕ್ಷಿತ ತಾಂತ್ರಿಕ ಕಾರಣದಿಂದಾಗಿ..." ಎಂದು ಆರಂಭಿಸಿದೆ. ವಾಕ್ಯದ ನಡುವೆ ಅಳು ಬಂದುಬಿಟ್ಟಿತು. ಉಳಿದ ಭಾಗವನ್ನು ಪತಿ ಹೇಳಿದರು.

ಮಾವನವರು ಕೇಳಿದರು. ಮೀಸೆಯನ್ನು ಒಮ್ಮೆ ಸವರಿಕೊಂಡರು. "ಅಳ್ಬೇಡ ಕೂಸೇ. ಮಾತ್ ಕೊಟ್ಟೋನು ನಾನು, ನೀನಲ್ಲ" ಎಂದಷ್ಟೇ ಹೇಳಿ ಎದ್ದುಹೋದರು. ಬೈದಿದ್ದರೆ ಎಷ್ಟೋ ಹಿತವಾಗುತ್ತಿತ್ತು!

ಹಬ್ಬದ ಬೆಳಿಗ್ಗೆ ಊರು ನೋಡುವಂತಿತ್ತು. ಪ್ರತಿ ಬಾಗಿಲಲ್ಲೂ ರಂಗೋಲಿ. ರಂಗೋಲಿಯ ನಡುವೆ ಟಿಲ್ಲರ್ ನಿಲ್ಲಬೇಕಾದ ಜಾಗ ಖಾಲಿ. ಜನ ಹಾರ ಹಿಡಿದು ಯಾರ ಕೊರಳಿಗೆ ಹಾಕುವುದೆಂದು ತಿಳಿಯದೆ ನಿಂತಿದ್ದರು. ಎದುರಿಗೆ ಶಿವಮಲ್ಲಣ್ಣನ ಟ್ರ್ಯಾಕ್ಟರು ಮಾತ್ರ ಬಾಳೆಕಂದು ಕಟ್ಟಿಸಿಕೊಂಡು ಮದುವಣಗಿತ್ತಿಯಂತೆ ನಿಂತಿತ್ತು.

"ನಂಜಪ್ಪಣ್ಣೋ! ಟಿಲ್ಲರು ಆಕಾಸದಿಂದ ಇಳೀತವಾ ಎಂಗೆ? ತಲೆ ಎತ್ಕಂಡೇ ನಿಂತಿವ್ನಿ, ಕತ್ತು ನೋಯ್ತದೆ!"

ಮಾವನವರು ಬಿಳಿ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿ ಹೊರಬಂದರು. "ಬನ್ರಲಾ ಎಲ್ಲಾರೂ. ಆಡಿದ್ ಮಾತು ಆಡಿದ್ದೇ" ಎಂದು ಊರ ಮುಂದಿನ ಸಿದ್ದಣ್ಣನ ಕಟಿಂಗ್ ಶಾಪಿನ ಕಡೆಗೆ ನಡೆದರು. ಹಿಂದೆ ಊರು. ಅದರ ಹಿಂದೆ ಸೆರಗು ಬಾಯಿಗಿಟ್ಟುಕೊಂಡ ಅತ್ತೆ. ಎಲ್ಲರಿಗಿಂತ ಹಿಂದೆ, ಗಣಿತಶಾಸ್ತ್ರದ ಸ್ನಾತಕೋತ್ತರ ಪದವೀಧರೆ.

ಮಾವನವರು ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಮುಖವೆತ್ತಿದರು. "ತೆಗಿ ಸಿದ್ದಣ್ಣ."

"ಏನ ತೆಗೀಲಿ?"

"ಮೀಸೆ!"

ಸಿದ್ದಣ್ಣ ಬೆಚ್ಚಿ ಹಿಂದೆ ಸರಿದರು. "ಏನಣ್ಣ ನೀನು ಇಂಥ ದಿನ ಬಂದು! ಕತ್ತಿ, ಕತ್ರಿ, ಮಿಶೀನು ಎಲ್ಲಾ ಪೂಜೆಗೆ ಕೂತವೆ. ಇವತ್ತು ನಾನು ಮುಟ್ಟಕಿಲ್ಲ."

"ಮಾತ್ ಕೊಟ್ಟಿವ್ನಿ ಕಣೋ! ಇವತ್ತೇ ತೆಗೀಬೇಕು!"

"ನೀನ್ ಮಾತ್ ಕೊಟ್ರೆ ನನ್ ಕತ್ತಿ ಯಾಕಣ್ಣ ಪೂಜೆ ಬುಟ್ಟು ಏಳ್ಬೇಕು?"

ಜನರ ನಡುವೆ ಒಂದು ನಗು ಹೊರಟು, ದಾರಿ ಸಿಗದೆ ಅಲ್ಲಲ್ಲೇ ಕೆಮ್ಮಾಯಿತು. ಶಿವಮಲ್ಲಣ್ಣ ಬಿಡುವವರಲ್ಲ. "ಇರಿ, ನಮ್ಮನೇಲಿ ಬ್ಲೇಡ್ ಅದೆ" ಎಂದು ಹೊರಟರು. ಅವರ ಹೆಂಡತಿ ಬಾಗಿಲಲ್ಲೇ ತಡೆದರು: "ಮನೇಲಿರೋ ಚೂಪಾದ್ದೆಲ್ಲಾ ತೊಳ್ದು ಪೂಜೆಗಿಟ್ಟಿವ್ನಿ. ಕೈ ಆಕ್ ನೋಡಿ, ಅಬ್ಬದ್ ಊಟ ಎಂಗ್ ಬಡುಸ್ತೀನಿ ಅಂತ!"

ಊರಿನ ಒಂದೊಂದು ಮನೆಯಿಂದಲೂ ಅದೇ ವರದಿ ಬಂತು. ಬ್ಲೇಡು ಪೂಜೆಯಲ್ಲಿ. ಕತ್ತರಿ ಪೂಜೆಯಲ್ಲಿ. ಈಳಿಗೆಮಣೆ ಪೂಜೆಯಲ್ಲಿ. ಆ ದಿನ ನಮ್ಮ ಊರಿನಲ್ಲಿ ಮೀಸೆಯೊಂದನ್ನು ತೆಗೆಯಬಲ್ಲ ಯಾವ ಆಯುಧವೂ ಕರ್ತವ್ಯದ ಮೇಲಿರಲಿಲ್ಲ! ಟಿಲ್ಲರುಗಳನ್ನು ತಡೆದ ಹಬ್ಬವೇ ಮೀಸೆಯನ್ನೂ ಕಾಯುತ್ತಿತ್ತು. ಇಷ್ಟು ಸರಿತೂಗುವ ಫಲಿತಾಂಶವನ್ನು ನನ್ನ ಕಂಪ್ಯೂಟರು ಜನ್ಮದಲ್ಲಿ ಕೊಟ್ಟಿಲ್ಲ.

ಮಾವನವರು ಇನ್ನೂ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕುಳಿತಿದ್ದರು. ಗೌರಮ್ಮನವರು ಸೀದಾ ಹೋಗಿ ಅವರ ಭುಜ ತಟ್ಟಿದರು. "ಏಳಣ್ಣೋ ಮೇಲಕ್ಕೆ. ನಿನ್ ಮೀಸೆ ತಗಂಡು ನಾನೇನ್ ಗದ್ದೆ ಉಳ್ಳಾ? ನನ್ಗೆ ಟಿಲ್ಲರ್‌ಗೆ ಊವ ಆಕ್ಬೇಕು. ಅದೆಲ್ಲದೆ?"

"ನರಸೀಪುರದಾಗೆ. ಬಿಚ್ಚಾಕವ್ರೆ" ಎಂದರು ಮಾವನವರು, ಕಣ್ಣು ತೆರೆಯದೆ.

"ಬಿಚ್ಚಾಕಿದ್ರೇನು, ಸತ್ತೋಯ್ತಾ? ಅದು ನಮ್ ತಾವ್ಕೆ ಬರ್ನಿಲ್ಲ ಅಂದ್ರೆ ನಾವೇ ಅದ್ರ ತಾವ್ಕೆ ಓಗುಮಾ!"

ಇಷ್ಟು ಜನ ಹೋಗಲು ವಾಹನ? ಎಲ್ಲರೂ ನಿಧಾನವಾಗಿ ಶಿವಮಲ್ಲಣ್ಣನ ಟ್ರ್ಯಾಕ್ಟರಿನತ್ತ ತಿರುಗಿದರು. ಶಿವಮಲ್ಲಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು. "ಅತ್ಕಳಿ, ಅತ್ಕಳಿ! ಇಮಾನದೋರೂ ಅತ್ಕಳಿ. ನಂದು ನೆಲದ್ ಮ್ಯಾಲೇ ಓಡದು, ಬೇಜಾರ್ ಮಾಡ್ಕಬೇಡಿ!"

ಹೀಗೆ ನಮ್ಮ ಊರು, ಹಾರ, ಬೂದುಗುಂಬಳ, ಕಡ್ಲೆಪುರಿ ಮೂಟೆ ಸಮೇತ ಟ್ರೈಲರಿನಲ್ಲಿ ಕುಳಿತು ತಿ. ನರಸೀಪುರಕ್ಕೆ ಹೊರಟಿತು. ದಾರಿಯಲ್ಲಿ ನೋಡಿದವರೆಲ್ಲ ಯಾವ ಮನೆಯ ಮದುವೆಯೆಂದು ಕೇಳಿದರು. "ಟಿಲ್ಲರಿಂದು!" ಎಂದು ಗೌರಮ್ಮನವರು ಕೂಗಿ ಹೇಳುತ್ತಿದ್ದರು.

ಗ್ಯಾರೇಜಿನಲ್ಲಿ ಗಲಾಟೆಯೋ ಗಲಾಟೆ. ಎಲ್ಲರಿಗೂ ತಮ್ಮ ತಮ್ಮ ಟಿಲ್ಲರೇ ಬೇಕು. ಯಾವುದು ಯಾರದೆಂದು ಯಾರಿಗೂ ತಿಳಿಯದು.

"ಈ ಗೇರ್‌ಬಾಕ್ಸು ನಂದೇ. ಮೊಕ ನೋಡುದ್ರೆ ಗೊತ್ತಾಗಕಿಲ್ವಾ?" ಎಂದು ಗೌರಮ್ಮನವರು ಒಂದನ್ನು ತಬ್ಬಿಕೊಂಡರು.

"ಅದು ನಮ್ದು ಕಣಕ್ಕ" ಎಂದರು ನಶ್ಯದವರು.

"ಅಂಗಾದ್ರೆ ಕರೀರಿ, ಯಾರ್ ತಾವ್ಕೆ ಬತ್ತದೋ ನೋಡುಮಾ!"

ಕೊನೆಗೆ ಅತ್ತೆಯವರು ತೀರ್ಪು ಕೊಟ್ಟರು: ಎಲ್ಲರೂ ಎಲ್ಲದಕ್ಕೂ ಹೂವು ಹಾಕುವುದು. ಹಾಗೆಯೇ ಆಯಿತು. ಒಂದೊಂದು ಪಿಸ್ಟನ್ನಿಗೂ ಊರಿನ ಅಷ್ಟೂ ಮನೆಗಳ ಕುಂಕುಮ ಬಿದ್ದು, ಕಬ್ಬಿಣವೇ ಕಾಣದಾಯಿತು. ಆರತಿ ತಟ್ಟೆಯನ್ನು ಅತ್ತೆ ನನ್ನ ಕೈಗೆ ಕೊಟ್ಟರು. ನಾನು ಇಂಜಿನ್ನುಗಳಿಗೂ ಗೇರ್‌ಬಾಕ್ಸುಗಳಿಗೂ ಕೊನೆಗೆ ಯಾರೋ ತಂದು ಮುಂದಿಟ್ಟ ಸೈಲೆನ್ಸರಿಗೂ ಆರತಿ ಬೆಳಗಿದೆ. ಅದು ಸೈಲೆನ್ಸರಲ್ಲ, ಗೋವಿಂದಣ್ಣನ ಮನೆಯ ಹಳೆಯ ನೀರೊಲೆಯ ಕೊಳವೆಯೆಂದು ಆಮೇಲೆ ತಿಳಿಯಿತು. ಅದಕ್ಕೂ ಒಳ್ಳೆಯದಾಗಲಿ.

"ನೋಡ್ಲಾ ಶಿವಮಲ್ಲ, ಎಲ್ರ ಟಿಲ್ಲರೂ ಪೂಜೆಗೆ ನಿಂತವೆ!" ಎಂದರು ಮಾವನವರು. ಮೀಸೆಯ ತುದಿಗಳು ಮತ್ತೆ ಮೇಲೆದ್ದಿದ್ದವು.

"ಎಲ್ಲಣ್ಣ ನಿಂತಿರದು? ಮಲ್ಗವೆ!"

ಇಡೀ ಗ್ಯಾರೇಜು ನಕ್ಕಿತು. ಮಾವನವರು ಎಲ್ಲರಿಗಿಂತ ಜೋರಾಗಿ ನಕ್ಕರು. ಶಿವಮಲ್ಲಣ್ಣ ಅವರ ಕೈಗೆ ಬೂದುಗುಂಬಳ ಕೊಟ್ಟು, "ಒಡೀ ನಂಜಪ್ಪಣ್ಣ. ಆ ಮೀಸೆ ಇಲ್ದಿದ್ರೆ ನಾನು ದಿನ ಬೆಳಗಾದ್ರೆ ಯಾರ್ ಮೊಕ ನೋಡಿ ರೇಗುಸ್ಲಿ?" ಎಂದರು. ಕಾಯಿ ಒಡೆದಾಗ ಕುಂಕುಮದ ಹೋಳೊಂದು ಹಾರಿ ಬಂದು ನನ್ನ ಸೀರೆಗೆ ಅಂಟಿತು. ದೃಷ್ಟಿ ತೆಗೆದದ್ದು ಯಾರಿಗೆಂದು ಸ್ಪಷ್ಟವಾಯಿತು.

ವಿಜಯದಶಮಿ ಕಳೆದ ಮೇಲೆ ಸ್ಪ್ಯಾನರುಗಳು ಕೆಲಸಕ್ಕೆ ಹಾಜರಾದವು. ಇಂಜಿನ್ನುಗಳು ನಂಬರಿನಿಂದ ಪತ್ತೆಯಾದವು. ಗೇರ್‌ಬಾಕ್ಸುಗಳ ವಿಷಯ ದೇವರೇ ಬಲ್ಲ. ಈಗ ನಮ್ಮ ಊರಿನ ಟಿಲ್ಲರುಗಳೆಲ್ಲ ಒಂದಕ್ಕೊಂದು ಹತ್ತಿರದ ನೆಂಟರು. ಆದರೂ ಕೊಯ್ಲಿನವರೆಗೂ ಒಂದೂ ಕೆಡಲಿಲ್ಲ. ವೇಳಾಪಟ್ಟಿ ಚೆನ್ನಾಗಿತ್ತೆಂದು ನಾನು ಹೇಳುತ್ತೇನೆ. ಊರಿನವರು, ಪೂಜೆ ಜಾಸ್ತಿಯಾಯಿತು ಎನ್ನುತ್ತಾರೆ.

ಮೊನ್ನೆ ಪತಿಗೆ ಹಠಾತ್ತಾಗಿ ಉತ್ಸಾಹ ಬಂತು: ರಜೆಯಲ್ಲಿ ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗೋಣ, ವಿಮಾನದಲ್ಲಿ! ಮಾವನವರು ತುಂಬ ಹೊತ್ತು ಯೋಚಿಸಿ, ನನ್ನನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳಿಸದಂತೆ ಮೆಲ್ಲಗೆ ಕೇಳಿದರು:

"ಕೂಸೇ, ನೀನು ಲೆಕ್ಕ ಆಕ್ಕೊಡ್ತೀಯಲ್ಲ, ಆ ಇಮಾನ ಯಾವ್ ಬಣ್ಣದ್ದು? ವಸಿ ತೋರ್ಸು, ಗುರ್ತ್ ಇಟ್ಕತೀನಿ."

ನನ್ನ ಹೃದಯ ತುಂಬಿ ಬಂತು. "ಅದರಲ್ಲೇ ಹತ್ತಬೇಕೆಂಬ ಆಸೆಯೇ ಮಾವ?"

"ಅಲ್ಲ ಕಣವ್ವ. ಅದೊಂದ ಬುಟ್ಟು ಬ್ಯಾರೇದ್ರಾಗೆ ಓಗುಮಾ ಅಂತ."

ಬಹಳ ಯೋಚಿಸಿ, ನಾನು ಎಲ್ಲರಿಗೂ ರೈಲಿನಲ್ಲಿಯೇ ಸೀಟು ಕಾಯ್ದಿರಿಸಿದೆ. ನನಗೂ ಸೇರಿಸಿ.